ಎಂಎಸ್‌ಡಿ ಪೆಟ್ಟಿಗೆಯ ಕೀರ್ತಿ ಮತ್ತು ಕಿಡಿಯ ವೇಳೆ

ಎಂಎಸ್‌ಡಿ 6 ಎಂಬುದು ಕಾರಿನ ಮೂಲ ಇಗ್ನಿಷನ್ನಿಗೆ ಹೊರಗಿನಿಂದ ತಂದು ಜೋಡಿಸುವ ಕೆಂಪು ಬಣ್ಣದ ಅಲ್ಯೂಮಿನಿಯಂ ಪೆಟ್ಟಿಗೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಎಲ್ ಪಾಸೊದಲ್ಲಿದ್ದ ಆಟೊಟ್ರಾನಿಕ್ ಕಂಟ್ರೋಲ್ಸ್ ಕಾರ್ಪೊರೇಷನ್ 1970ರ ದಶಕದಲ್ಲಿ ರೂಪಿಸಿದ ಬಹುಕಿಡಿಯ ತಂತ್ರ ಇದರ ತಿರುಳು. 2015ರಿಂದ ಈ ಹೆಸರು ಹಾಲಿ (Holley) ಎಂಬ ಸಂಸ್ಥೆಯ ಒಡೆತನದಲ್ಲಿದೆ. ಡ್ರ್ಯಾಗ್ ರೇಸುಗಳಲ್ಲೂ ಕಾರ್ಬ್ಯುರೇಟರ್ ಕಾಲದ ನ್ಯಾಸ್ಕಾರ್ ಕಾರುಗಳಲ್ಲೂ ಈ ಪೆಟ್ಟಿಗೆ ದಶಕಗಳ ಕಾಲ ಕೆಲಸ ಮಾಡಿ ಹೆಸರು ಗಳಿಸಿತು. ಅಲ್ಲಿ ಗಳಿಸಿದ ಹೆಸರು ಬೀದಿಯಲ್ಲಿ ಓಡುವ ಹಳೆಯ ಕಾರುಗಳಿಗೂ ಹಾಗೆಯೇ ವರ್ಗವಾಗಿದೆ. ಕಾಯಿಲ್ಲಿನ ಯಾಂತ್ರಿಕ ಸ್ವಿಚ್ಚಾದ ಪಾಯಿಂಟ್ ತೆಗೆದು ಪೆಟ್ಟಿಗೆ ಹಾಕಿದರೆ ಎಂಜಿನ್ನಿನ ಬಲ ಹೆಚ್ಚುತ್ತದೆ, ಪೆಟ್ರೋಲ್ ಉಳಿಯುತ್ತದೆ, ಐಡ್ಲಿಂಗ್ ನಯವಾಗುತ್ತದೆ ಎಂಬ ಮೂರು ಮಾತುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಇವುಗಳಲ್ಲಿ ಕೊನೆಯದು ಮಾತ್ರ ಪೂರ್ತಿ ನಿಲ್ಲುತ್ತದೆ. ಮೊದಲ ಎರಡರ ಶ್ರೇಯಸ್ಸು ಬಹುಪಾಲು ಸಲ್ಲಬೇಕಾದದ್ದು ಕಿಡಿಯ ವೇಳೆಗೆ. ಆದರೆ ವೇಳೆಯನ್ನು ಸರಿಪಡಿಸುವ ಕೆಲಸ ಜೋಡಣೆಯ ಕೈಪಿಡಿಗಳಲ್ಲಿ ಕೊನೆಯ ಸಾಲಿಗೆ ಸರಿದಿದೆ.

ಈ ಪೆಟ್ಟಿಗೆ ಯಾವುದರ ಜಾಗಕ್ಕೆ ಬಂತೋ ಆ ಪದ್ಧತಿ ಚಾರ್ಲ್ಸ್ ಕೆಟರಿಂಗ್‌ನದು. 1910ರ ಕ್ಯಾಡಿಲ್ಯಾಕ್‌ನಲ್ಲಿ ಬಂದ ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ಆ ಏರ್ಪಾಡು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿನ ಕಾರುಗಳನ್ನು ನಡೆಸಿತು. ಪಾಯಿಂಟ್ ಮುಚ್ಚಿದಾಗ ಕಾಯಿಲ್ಲಿನಲ್ಲಿ ವಿದ್ಯುತ್ ಪ್ರವಾಹ ಏರುತ್ತದೆ. ತೆರೆದಾಗ ಅಲ್ಲಿ ಕೂಡಿದ ಕಾಂತಶಕ್ತಿ ಪ್ಲಗ್ಗಿನ ಗ್ಯಾಪಿನಲ್ಲಿ ಕಿಡಿಯಾಗುತ್ತದೆ. ಇದರ ದೌರ್ಬಲ್ಯ ಇರುವುದು ಪ್ರವಾಹ ಏರಲು ಬೇಕಾದ ಸಮಯದಲ್ಲಿ. ಆ ಸಮಯವನ್ನು ಲೆಕ್ಕ ಹಾಕಿ ನೋಡದೆ ಹೊಸ ಪೆಟ್ಟಿಗೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಬಾರದು.

ಪ್ರೈಮರಿ ಸುತ್ತಿನಲ್ಲಿ 8 ಮಿಲಿಹೆನ್ರಿ ಇಂಡಕ್ಟೆನ್ಸ್, ಒಟ್ಟು 3 ಓಮ್ ರೋಧವಿರುವ ಸಾಮಾನ್ಯ ಕಾಯಿಲನ್ನು ತೆಗೆದುಕೊಳ್ಳಬಹುದು. 12 ವೋಲ್ಟಿಗೆ ಪೂರ್ತಿ 4 ಆಂಪಿಯರ್ ಏರಿದಾಗ ಅದರಲ್ಲಿ 64 ಮಿಲಿಜೌಲ್ ಶಕ್ತಿ ಕೂಡುತ್ತದೆ. ವಿ-8 ಎಂಜಿನ್ನಿನ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಮುಚ್ಚಿರುವ ಕೋನ, ಅಂದರೆ ಡ್ವೆಲ್, ಸುಮಾರು 30 ಡಿಗ್ರಿ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಅದರ ಅರ್ಧ ವೇಗದ ಡಿಸ್ಟ್ರಿಬ್ಯೂಟರಿಗೆ ಅಷ್ಟು ಕೋನ ದಾಟಲು ಸಿಗುವ ಸಮಯ 1.7 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಪ್ರವಾಹ ಅರ್ಧವನ್ನೂ ಮುಟ್ಟುವುದಿಲ್ಲ. ಕೂಡಿದ ಶಕ್ತಿ 14 ಮಿಲಿಜೌಲಿಗೆ ಇಳಿಯುತ್ತದೆ. ಅದೇ ವೇಗದಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಡ್ವೆಲ್ 60 ಡಿಗ್ರಿ, ಸಮಯ 3.3 ಮಿಲಿಸೆಕೆಂಡ್, ಶಕ್ತಿ ಸುಮಾರು 32 ಮಿಲಿಜೌಲ್. ವಿ-8ಕ್ಕೆ ಆ ವೇಗದಲ್ಲಿ ಸೆಕೆಂಡಿಗೆ 400 ಕಿಡಿ ಬೇಕು, ನಾಲ್ಕು ಸಿಲಿಂಡರಿಗೆ 200 ಸಾಕು. ಪಾಯಿಂಟ್ ಪದ್ಧತಿ ಸೋಲುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಅದಕ್ಕೆ ಇನ್ನೂ ಸಾಕಷ್ಟು ಉಸಿರಿದೆ. ಈ ಒಂದು ವ್ಯತ್ಯಾಸವನ್ನು ಮರೆತದ್ದರಿಂದಲೇ ವಿ-8ರ ಔಷಧ ಎಲ್ಲ ಎಂಜಿನ್ನುಗಳಿಗೂ ಹಂಚಿಕೆಯಾಯಿತು.

ಎಂಎಸ್‌ಡಿ ಈ ಸಮಯದ ಬಿಕ್ಕಟ್ಟನ್ನು ಬೇರೆ ದಾರಿಯಿಂದ ಬಿಡಿಸುತ್ತದೆ. ಪೆಟ್ಟಿಗೆಯೊಳಗಿನ ಪರಿವರ್ತಕ ಬ್ಯಾಟರಿಯ 12 ವೋಲ್ಟನ್ನು 450 ವೋಲ್ಟಿಗೂ ಮೇಲಕ್ಕೆ ಏರಿಸಿ ಒಂದು ಕೆಪಾಸಿಟರನ್ನು ತುಂಬಿಸುತ್ತದೆ. ಸಂಕೇತ ಬಂದೊಡನೆ ಅದು ಕಾಯಿಲ್ಲಿಗೆ ಸುರಿಯುತ್ತದೆ. ಇಲ್ಲಿ ಕಾಯಿಲ್ ಶಕ್ತಿಯನ್ನು ಕೂಡಿಡುವುದಿಲ್ಲ, ಟ್ರಾನ್ಸ್‌ಫಾರ್ಮರಿನಂತೆ ಏರಿಸಿ ದಾಟಿಸುತ್ತದೆ. 1 ಮೈಕ್ರೋಫ್ಯಾರಡ್ ಕೆಪಾಸಿಟರ್ 450 ವೋಲ್ಟಿನಲ್ಲಿ ಹಿಡಿಯುವ ಶಕ್ತಿ ಸುಮಾರು 100 ಮಿಲಿಜೌಲ್. ವೇಗ ಎಷ್ಟೇ ಇರಲಿ ಅದು ಇಳಿಯುವುದಿಲ್ಲ. ಪ್ಲಗ್ಗಿನಲ್ಲಿ ವೋಲ್ಟೇಜ್ ಏರುವ ರಭಸವೂ ಹೆಚ್ಚು. ಕೆಟರಿಂಗ್ ಕಾಯಿಲ್ಲಿಗೆ ಸುಮಾರು 100 ಮೈಕ್ರೋಸೆಕೆಂಡ್ ಬೇಕಾದಲ್ಲಿ ಇದಕ್ಕೆ ಕೆಲವೇ ಮೈಕ್ರೋಸೆಕೆಂಡ್ ಸಾಕು. ಮಸಿಯೋ ಎಣ್ಣೆಯೋ ಹಿಡಿದ ಪ್ಲಗ್ಗಿನಲ್ಲಿ ವಿದ್ಯುತ್ ಸೋರಿಹೋಗುವ ಮೊದಲೇ ಕಿಡಿ ಹಾರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಎರಡು ಸ್ಟ್ರೋಕಿನ ಬೈಕುಗಳನ್ನು ಓಡಿಸಿದವರಿಗೆ ಎಣ್ಣೆ ಹಿಡಿದ ಪ್ಲಗ್ಗಿನ ಕಾಟ ಗೊತ್ತು. ಯಮಾಹಾ ಆರ್‌ಎಕ್ಸ್ 100ರಂಥ ಬೈಕುಗಳಲ್ಲಿ ಸಿಡಿಐ, ಅಂದರೆ ಇದೇ ಕೆಪಾಸಿಟರ್ ಪದ್ಧತಿ, ಬಂದಾಗ ಆ ಕಾಟ ತಗ್ಗಿದ್ದಕ್ಕೆ ಇದೂ ಒಂದು ಕಾರಣ. ವೇಗಕ್ಕೆ ಇಳಿಯದ ಶಕ್ತಿ, ವೋಲ್ಟೇಜ್ ಏರುವ ರಭಸ ಇವೆರಡೂ ಕೆಪಾಸಿಟರ್ ಪದ್ಧತಿಯ ನಿಜವಾದ ಗುಣಗಳು.

ಅದರ ನಿಜವಾದ ಕೊರತೆ ಕಿಡಿಯ ಆಯುಸ್ಸು. ಕೆಟರಿಂಗ್ ಪದ್ಧತಿಯ ಕಿಡಿ ಒಂದರಿಂದ ಎರಡು ಮಿಲಿಸೆಕೆಂಡ್ ಬಾಳುತ್ತದೆ. ಕೆಪಾಸಿಟರಿನ ಕಿಡಿ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿ ಆರಿಹೋಗುತ್ತದೆ. ಐಡ್ಲಿಂಗಿನಲ್ಲಿ ಸಿಲಿಂಡರಿನೊಳಗಿನ ಮಿಶ್ರಣ ಏಕರೂಪವಾಗಿರುವುದಿಲ್ಲ; ಹಿಂದಿನ ಸುತ್ತಿನ ಸುಟ್ಟ ಅನಿಲ ಅಲ್ಲಲ್ಲಿ ಉಳಿದಿರುತ್ತದೆ. ಕಿಡಿ ಹಾರಿದ ಆ ಕ್ಷಣಕ್ಕೆ ಗ್ಯಾಪಿನಲ್ಲಿ ಇರುವುದು ಸುಟ್ಟ ಅನಿಲವೇ ಆಗಿದ್ದರೆ, ಕ್ಷಣಭಂಗುರ ಕಿಡಿ ಎಷ್ಟೇ ಬಿಸಿಯಾಗಿದ್ದರೂ ವ್ಯರ್ಥ. ದೀರ್ಘ ಕಿಡಿಗೆ ಹರಿದು ಬರುವ ಹೊಸ ಮಿಶ್ರಣವನ್ನು ಕಾಯುವ ವ್ಯವಧಾನವಿರುತ್ತದೆ.

ಪೆಟ್ಟಿಗೆಗೆ ಹೆಸರು ತಂದ ಬಹುಕಿಡಿಯ ತಂತ್ರವನ್ನು ಇಟ್ಟು ನೋಡಬೇಕಾದದ್ದು ಈ ಕೊರತೆಯ ಪಕ್ಕದಲ್ಲಿ. ಒಂದೇ ಸ್ಟ್ರೋಕಿನಲ್ಲಿ ಕ್ರ್ಯಾಂಕ್ 20 ಡಿಗ್ರಿ ತಿರುಗುವವರೆಗೆ ಪೆಟ್ಟಿಗೆ ಮತ್ತೆ ಮತ್ತೆ ಕಿಡಿ ಹಾರಿಸುತ್ತದೆ. ಒಂದು ಕಿಡಿಗೂ ಮುಂದಿನದಕ್ಕೂ ನಡುವೆ ಕೆಪಾಸಿಟರ್ ಮರಳಿ ತುಂಬಲು ಸುಮಾರು 1 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 600 ಸುತ್ತಿನ ಐಡ್ಲಿಂಗಿನಲ್ಲಿ 20 ಡಿಗ್ರಿ ದಾಟಲು 5.6 ಮಿಲಿಸೆಕೆಂಡ್ ಇರುವುದರಿಂದ ಐದಾರು ಕಿಡಿ ಹಾರಬಹುದು. 1000 ಸುತ್ತಿನಲ್ಲಿ ಆ ಸಮಯ 3.3 ಮಿಲಿಸೆಕೆಂಡಿಗೆ, 2000 ಸುತ್ತಿನಲ್ಲಿ 1.7ಕ್ಕೆ ಇಳಿಯುತ್ತದೆ. 3000 ಸುತ್ತಿನ ಹೊತ್ತಿಗೆ ಉಳಿಯುವುದು 1.1 ಮಿಲಿಸೆಕೆಂಡ್, ಅಂದರೆ ಒಂದೇ ಕಿಡಿ. ವಿ-8 ಎಂಜಿನ್ ತನ್ನ ಗರಿಷ್ಠ ಅಶ್ವಶಕ್ತಿ ಕೊಡುವುದು ಸಾಮಾನ್ಯವಾಗಿ 4500ರ ಮೇಲೆ. ಬಲಕ್ಕಾಗಿ ಪೆಟ್ಟಿಗೆ ಕೊಂಡವರಿಗೆ ಬಲ ಬೇಕಾದ ವೇಗದಲ್ಲಿ ಆ ಹೆಸರಾಂತ ತಂತ್ರ ಕೆಲಸವನ್ನೇ ಮಾಡುತ್ತಿರುವುದಿಲ್ಲ.

ಕೆಳಗಿನ ವೇಗದಲ್ಲೂ ಒಂದೊಂದು ಕಿಡಿಯ ಪಾತ್ರವನ್ನು ಬಿಡಿಬಿಡಿಯಾಗಿ ನೋಡಬೇಕು. ಮೊದಲ ಕಿಡಿಗೆ ಮಿಶ್ರಣ ಹೊತ್ತಿಕೊಂಡರೆ ಉಳಿದವು ಹಾರುವುದು ಆಗಲೇ ಉರಿಯುತ್ತಿರುವ ಅನಿಲದೊಳಗೆ. ಅವುಗಳಿಂದ ಜ್ವಾಲೆಗೆ ಏನೂ ಸೇರುವುದಿಲ್ಲ. ಒಣಗಿದ ಸೌದೆ ಒಂದು ಕಡ್ಡಿಗೆ ಹೊತ್ತಿಕೊಂಡ ಮೇಲೆ ಇನ್ನೈದು ಕಡ್ಡಿ ಗೀರಿದರೆ ಒಲೆಯ ಕಾವು ಹೆಚ್ಚುವುದಿಲ್ಲ. ಮೊದಲ ಕಿಡಿ ಸೋತು ಎರಡನೆಯದು ಹೊತ್ತಿಸಿದರೆ ಆ ಸಿಲಿಂಡರಿನ ಟೈಮಿಂಗ್ ಅಷ್ಟು ಹಿಂದೆ ಸರಿದಂತೆ: 600 ಸುತ್ತಿನಲ್ಲಿ 3.6 ಡಿಗ್ರಿ, 2000 ಸುತ್ತಿನಲ್ಲಿ 12 ಡಿಗ್ರಿ. ಐಡ್ಲಿಂಗಿನಲ್ಲಿ ಮಿಸ್ಸಿಂಗಿಗಿಂತ 3.6 ಡಿಗ್ರಿ ತಡ ಎಷ್ಟೋ ಮೇಲು. ಓವರ್‌ಲ್ಯಾಪ್ ಹೆಚ್ಚಿರುವ ರೇಸ್ ಕ್ಯಾಮ್‌ಶಾಫ್ಟಿನ ಎಂಜಿನ್ ಈ ಪೆಟ್ಟಿಗೆಯಿಂದ ಐಡ್ಲಿಂಗಿನಲ್ಲಿ ನೆಮ್ಮದಿಯಾಗಿ ಓಡುವುದಕ್ಕೂ ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುವುದಕ್ಕೂ ಇದೇ ಕಾರಣ. ಆದರೆ ಇಲ್ಲಿ ಸಿಗುವುದು ನಯ, ಬಲವಲ್ಲ.

ಇನ್ನೊಂದು ಮಾತನ್ನು ಪೆಟ್ಟಿಗೆಯ ಅಭಿಮಾನಿಗಳು ಎತ್ತುವುದೇ ಇಲ್ಲ. ಒಂದೂವರೆ ಮಿಲಿಸೆಕೆಂಡ್ ಬಾಳುವ ಕೆಟರಿಂಗ್ ಕಿಡಿ 1000 ಸುತ್ತಿನಲ್ಲಿ ಕ್ರ್ಯಾಂಕಿನ 9 ಡಿಗ್ರಿಯಷ್ಟು ದೂರ ಎಡೆಬಿಡದೆ ಉರಿಯುತ್ತಿರುತ್ತದೆ. ಕೆಪಾಸಿಟರ್ ಪದ್ಧತಿ ಕಳೆದುಕೊಂಡ ಆಯುಸ್ಸನ್ನು ತುಂಡು ತುಂಡಾಗಿ ಮರಳಿ ಗಳಿಸುವ ಉಪಾಯವೇ ಬಹುಕಿಡಿ. ಅದು ಜಾಣ ಉಪಾಯ, ಚೊಕ್ಕ ಎಂಜಿನಿಯರಿಂಗ್. ಆದರೆ ತನ್ನದೇ ಪದ್ಧತಿಯ ಕೊರತೆಗೆ ಮಾಡಿದ ಪರಿಹಾರವನ್ನು ಹಳೆಯ ಪದ್ಧತಿಯ ಮೇಲೆ ಸಾಧಿಸಿದ ಗೆಲುವೆಂದು ಸಾರುವುದು ಒಪ್ಪತಕ್ಕದ್ದಲ್ಲ. ಕಾರು ತಯಾರಕರ ಆಯ್ಕೆಯೂ ಇದನ್ನೇ ಹೇಳುತ್ತದೆ. ಕ್ರೈಸ್ಲರ್ 1973ರ ಹೊತ್ತಿಗೆ, ಜನರಲ್ ಮೋಟಾರ್ಸ್ 1975ರ ಮಾಡೆಲ್‌ಗಳಲ್ಲಿ ಪಾಯಿಂಟ್ ಬಿಟ್ಟು ಎಲೆಕ್ಟ್ರಾನಿಕ್ಸಿಗೆ ಬಂದಾಗ ಎರಡೂ ಉಳಿಸಿಕೊಂಡದ್ದು ಕಾಯಿಲ್ಲಿನಲ್ಲೇ ಶಕ್ತಿ ಕೂಡಿಸುವ ದಾರಿಯನ್ನು. 1969ರ ಪೋರ್ಶೆ 911, ಮುಂದೆ ಸಾಬ್‌ನ ಡೈರೆಕ್ಟ್ ಇಗ್ನಿಷನ್ ಕೆಪಾಸಿಟರನ್ನು ಆರಿಸಿಕೊಂಡವು. ಆದರೆ ಹೆಚ್ಚಿನ ತಯಾರಕರು ಆ ಕಡೆ ಹೋಗಲಿಲ್ಲ.

ಬಲ ಹೆಚ್ಚಿತೆಂದು ಸಾಕ್ಷಿ ಹೇಳುವ ವಿಮರ್ಶಕರ ಜೊತೆಗಿನ ಜಗಳವನ್ನು ಇಲ್ಲಿ ತೀರಿಸಲೇಬೇಕು. ಕಾರು ಪತ್ರಿಕೆಗಳ ಜೋಡಣಾ ಲೇಖನಗಳಿಗೆ ಒಂದು ರೂಢಿಯ ಅಚ್ಚಿದೆ: ಹಳೆಯ ಕಾರನ್ನು ಹಾಗೆಯೇ ಡೈನೊ ಮೇಲೆ ಅಳೆಯುವುದು, ಪೆಟ್ಟಿಗೆ ಹಾಕುವುದು, ಮತ್ತೆ ಅಳೆಯುವುದು, ಹೆಚ್ಚಿದ ಅಶ್ವಶಕ್ತಿಯನ್ನು ಪೆಟ್ಟಿಗೆಯ ಖಾತೆಗೆ ಬರೆಯುವುದು. ಆದರೆ ಆ ನಡುವೆ ಸವೆದ ಪಾಯಿಂಟ್, ಬಿರುಕುಬಿಟ್ಟ ಕ್ಯಾಪ್, ಸುಟ್ಟ ರೋಟರ್, ಹಳೆಯ ಪ್ಲಗ್ ವೈರ್, ಪ್ಲಗ್ಗುಗಳು ಎಲ್ಲವೂ ಬದಲಾಗಿರುತ್ತವೆ. ಕೊನೆಯಲ್ಲಿ ಟೈಮಿಂಗನ್ನೂ ಹೊಸದಾಗಿ ಇಟ್ಟಿರುತ್ತಾರೆ. ಐದಾರು ಬದಲಾವಣೆಗಳ ಫಲವನ್ನು ಒಂದರ ಹೆಸರಿಗೆ ಬರೆದ ಪರೀಕ್ಷೆ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಮೊದಲು ಹಳೆಯ ಪದ್ಧತಿಯನ್ನೇ ಹೊಸ ಬಿಡಿಭಾಗಗಳಿಂದ ಸರಿಪಡಿಸಿ, ಟೈಮಿಂಗ್ ಹೊಂದಿಸಿ ಅಳೆಯಬೇಕು. ಆಮೇಲೆ ಪೆಟ್ಟಿಗೆಯೊಂದನ್ನೇ ಸೇರಿಸಿ, ಟೈಮಿಂಗ್ ಮೊದಲಿನಷ್ಟೇ ಇದೆಯೆಂದು ಖಚಿತಪಡಿಸಿಕೊಂಡು ಮತ್ತೆ ಅಳೆಯಬೇಕು. ಆಗ ಉಳಿಯುವ ವ್ಯತ್ಯಾಸ ಮಾತ್ರ ಪೆಟ್ಟಿಗೆಯದು. ಮಿಸ್ಸಿಂಗ್ ಇಲ್ಲದ ಎಂಜಿನ್ನಿನಲ್ಲಿ ಆ ವ್ಯತ್ಯಾಸ ಉಳಿಯಲು ಭೌತವಿಜ್ಞಾನದಲ್ಲಿ ಕಾರಣವೇ ಇಲ್ಲ. 350 ಘನ ಇಂಚಿನ ಷೆವ್ರೊಲೆ ವಿ-8ರ ಒಂದು ಸಿಲಿಂಡರ್ ಪೂರ್ತಿ ಥ್ರಾಟಲ್‌ನಲ್ಲಿ ಒಮ್ಮೆಗೆ ಎಳೆದುಕೊಳ್ಳುವ ಪೆಟ್ರೋಲಿನಲ್ಲಿ ಸುಮಾರು 2,000 ಜೌಲ್ ಶಾಖ ಅಡಗಿದೆ. ಅದರ ಮುಂದೆ ಕಿಡಿಯ 0.1 ಜೌಲ್ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಕಿಡಿಯ ಕೆಲಸ ಹೊತ್ತಿಸುವುದು. ಹೊತ್ತಿದ ಮೇಲೆ ದುಡಿಯುವುದು ಪೆಟ್ರೋಲ್.

ವೋಲ್ಟೇಜಿನ ಹೆಮ್ಮೆಗೂ ಇದೇ ಉತ್ತರ. 45,000 ವೋಲ್ಟಿನದೆಂದು ಕಾಯಿಲ್ಲಿನ ಹೊದಿಕೆಯ ಮೇಲೆ ಅಚ್ಚಾಗಿದ್ದರೂ ಪ್ಲಗ್ಗಿನಲ್ಲಿ ಅಷ್ಟು ವೋಲ್ಟೇಜ್ ಏರುವುದಿಲ್ಲ. ಗ್ಯಾಪ್ ಮತ್ತು ಸಿಲಿಂಡರಿನ ಒತ್ತಡ ಬೇಡಿದಷ್ಟಕ್ಕೆ, ಸಾಮಾನ್ಯ ಎಂಜಿನ್ನಿನಲ್ಲಿ 10,000ದಿಂದ 20,000 ವೋಲ್ಟಿನೊಳಗೆ, ಕಿಡಿ ಹಾರಿಬಿಡುತ್ತದೆ. ಉಳಿದದ್ದು ಬರೀ ಮೀಸಲು. ಕಂಪ್ರೆಷನ್ ಏರಿಸಿದ, ಸೂಪರ್‌ಚಾರ್ಜರ್ ಕೂಡಿಸಿದ ಎಂಜಿನ್ನಿಗೆ ಆ ಮೀಸಲು ಪ್ರಾಣದಾಯಕ. ಉಳಿದವಕ್ಕೆ ಅದರ ಉಪಯೋಗ ಗ್ಯಾಪನ್ನು ತುಸು ಅಗಲಿಸಿಕೊಳ್ಳುವಷ್ಟಕ್ಕೆ ಮಾತ್ರ. ಅದಕ್ಕೂ ಮಿತಿಯಿದೆ. ಜನರಲ್ ಮೋಟಾರ್ಸ್ 1975ರ ಹೈ ಎನರ್ಜಿ ಇಗ್ನಿಷನ್ನಿಗೆ 0.060 ಇಂಚಿನಷ್ಟು ಅಗಲದ ಗ್ಯಾಪ್ ಸೂಚಿಸಿ, ಮುಂದೆ 0.045ಕ್ಕೆ ಇಳಿದದ್ದು ಈ ಮಿತಿಗೆ ಸಿಕ್ಕ ಒಳ್ಳೆಯ ಸಾಕ್ಷ್ಯ.

ಪಾಯಿಂಟನ್ನೇ ಮೆಚ್ಚುವ ಎದುರು ಪಾಳೆಯದವರ ವಾದವೂ ಅರ್ಧ ಮಾತ್ರ ಸರಿ. ಪಾಯಿಂಟ್ ಇದ್ದರೆ ದಾರಿಯಲ್ಲಿ ಮರಳುಕಾಗದ ಉಜ್ಜಿ ಮನೆ ಸೇರಬಹುದು, ಎಲೆಕ್ಟ್ರಾನಿಕ್ಸ್ ಮುನ್ಸೂಚನೆಯಿಲ್ಲದೆ ಕೈಕೊಡುತ್ತದೆ ಎಂದು ಅವರು ಹೇಳುವುದು ನಿಜ. ಪಾಯಿಂಟ್ ಕೊಡುವ ಟೈಮಿಂಗೂ ಅಷ್ಟೇ ಕರಾರುವಾಕ್ಕು ಎನ್ನುವುದು ನಿಜವಲ್ಲ. ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಡ್ವೆಲ್ ಏರುತ್ತದೆ. ಡ್ವೆಲ್ ಏರಿದ ಒಂದೊಂದು ಡಿಗ್ರಿಗೂ ಟೈಮಿಂಗ್ ಸುಮಾರು ಒಂದೊಂದು ಡಿಗ್ರಿ ಹಿಂದೆ ಜಾರುತ್ತದೆ. ಡಿಸ್ಟ್ರಿಬ್ಯೂಟರಿನ ಬುಷ್ ಸವೆದು ಶಾಫ್ಟ್ ಅಲುಗಾಡುತ್ತಿದ್ದರೆ ಒಂದು ಸಿಲಿಂಡರಿಗೆ ಒಂದು ವೇಳೆ, ಇನ್ನೊಂದಕ್ಕೆ ಇನ್ನೊಂದು ವೇಳೆ. ಪಾಯಿಂಟಿನ ಬದಲು ಸಂಕೇತ ಕೊಡುವ ಎಲೆಕ್ಟ್ರಾನಿಕ್ ಪಿಕಪ್ಪಿನ ನಿಜವಾದ ಉಪಕಾರ ಈ ಜಾರಾಟವನ್ನು ತಡೆಯುವುದು. ಎರಡೂ ಪಾಳೆಯಗಳು ಕಿಡಿಯ ಬಲದ ಬಗ್ಗೆಯೇ ಹೊಡೆದಾಡುತ್ತ ವೇಳೆಯ ಸ್ಥಿರತೆ ಎಂಬ ಈ ಮುಖ್ಯ ಲಾಭವನ್ನು ಕಡೆಗಣಿಸಿವೆ.

ಜೋಡಣೆಯ ಕ್ರಮ ಮೇಲ್ನೋಟಕ್ಕೆ ಸರಳ. ದಪ್ಪ ಕೆಂಪು ತಂತಿ ಬ್ಯಾಟರಿಯ ಪಾಸಿಟಿವ್‌ಗೆ, ದಪ್ಪ ಕಪ್ಪು ನೆಗೆಟಿವ್‌ಗೆ. ತೆಳು ಕೆಂಪು ಕೀಲಿ ತಿರುಗಿಸಿದಾಗ ವಿದ್ಯುತ್ ಬರುವ ತಂತಿಗೆ. ಕಿತ್ತಳೆ ಬಣ್ಣದ್ದು ಕಾಯಿಲ್ಲಿನ ಪಾಸಿಟಿವ್‌ಗೆ, ತೆಳು ಕಪ್ಪು ಅದರ ನೆಗೆಟಿವ್‌ಗೆ. ಪಾಯಿಂಟ್ ಉಳಿಸಿಕೊಂಡರೆ ಬಿಳಿ ತಂತಿ ಅದಕ್ಕೆ. ಮ್ಯಾಗ್ನೆಟಿಕ್ ಪಿಕಪ್ ಇದ್ದರೆ ನೇರಳೆ, ಹಸಿರು ತಂತಿಗಳ ಜೋಡಿ. ದಪ್ಪ ತಂತಿಗಳು ನೇರ ಬ್ಯಾಟರಿಯಿಂದಲೇ ಬರಬೇಕು, ಅರ್ತ್ ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಬೇಕು. ಕಾಯಿಲ್ಲಿನ ಎರಡು ತುದಿಗಳಿಗೆ ಈ ಪೆಟ್ಟಿಗೆಯ ತಂತಿಗಳ ಹೊರತು ಬೇರೇನೂ ಸೇರಬಾರದು. ಅಲ್ಲಿ 450 ವೋಲ್ಟಿಗೂ ಹೆಚ್ಚು ಮಿಡಿಯುವುದರಿಂದ ಟೆಸ್ಟ್ ಲ್ಯಾಂಪ್ ಇಡುವುದೂ ಕೈ ತಾಗಿಸುವುದೂ ಅಪಾಯ. ಆರ್‌ಪಿಎಂ ಮೀಟರಿನ ತಂತಿಯನ್ನು ಕಾಯಿಲ್ಲಿನಿಂದ ಬಿಚ್ಚಿ ಪೆಟ್ಟಿಗೆಯ ಪ್ರತ್ಯೇಕ ತುದಿಗೆ ಕೊಡಬೇಕು. ಒಳಗೆ ಬರೀ ತಾಮ್ರವಿರುವ ಪ್ಲಗ್ ವೈರ್ ಹೊಮ್ಮಿಸುವ ವಿದ್ಯುತ್ ಗದ್ದಲ ಪೆಟ್ಟಿಗೆಯನ್ನೇ ಕೆಡಿಸಬಲ್ಲದು. ಸುರುಳಿ ತಿರುಳಿನ ವೈರ್ ಬೇಕು. ಕೆಲವು ಕಾರುಗಳಲ್ಲಿ ಆಲ್ಟರ್ನೇಟರಿನ ಎಚ್ಚರಿಕೆ ದೀಪದ ಮೂಲಕ ತೆಳು ಕೆಂಪು ತಂತಿಗೆ ವಿದ್ಯುತ್ ಹಿಮ್ಮುಖವಾಗಿ ಬಂದು ಕೀಲಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಆ ದೀಪದ ತಂತಿಗೆ ಡಯೋಡ್ ಹಾಕಬೇಕು.

ಇವೆಲ್ಲ ಕೈಪಿಡಿಗಳಲ್ಲಿ ಚೆನ್ನಾಗಿಯೇ ಇವೆ, ಏಕೆಂದರೆ ಇವು ತಪ್ಪಿದರೆ ಎಂಜಿನ್ ಓಡುವುದಿಲ್ಲ, ಇಲ್ಲವೇ ನಿಲ್ಲುವುದಿಲ್ಲ. ಓಡುತ್ತಲೇ ಇದ್ದು ತಪ್ಪಾಗುವ ಸಂಗತಿಗಳೇ ಹೆಚ್ಚು ಕೆಡುಕಿನವು. ಮ್ಯಾಗ್ನೆಟಿಕ್ ಪಿಕಪ್ಪಿನ ಎರಡು ತಂತಿ ಅದಲುಬದಲಾದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಟೈಮಿಂಗ್ ಮಾತ್ರ ಎಲ್ಲೋ ಜಾರಿರುತ್ತದೆ. ಸಂಕೇತಕ್ಕೂ ಕಿಡಿಗೂ ನಡುವೆ 50 ಮೈಕ್ರೋಸೆಕೆಂಡ್ ತಡವಿದೆ ಎಂದಿಟ್ಟುಕೊಂಡರೆ ಐಡ್ಲಿಂಗಿನಲ್ಲಿ ಅದು ಲೆಕ್ಕಕ್ಕಿಲ್ಲ. 6000 ಸುತ್ತಿನಲ್ಲಿ ಅದೇ ತಡ 1.8 ಡಿಗ್ರಿ. ಆದ್ದರಿಂದ ಪೆಟ್ಟಿಗೆ ಹಾಕಿದ ಮೇಲೆ ಐಡ್ಲಿಂಗಿನಲ್ಲಿ ಒಮ್ಮೆ ಟೈಮಿಂಗ್ ಲೈಟ್ ಹಿಡಿದು ಕೈತೊಳೆದುಕೊಳ್ಳುವುದು ಸಾಲದು. ವೇಗ ಏರಿಸುತ್ತ, ಹಂತ ಹಂತವಾಗಿ ಅಡ್ವಾನ್ಸನ್ನು, ಅಂದರೆ ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರುತ್ತದೆ ಎಂಬುದನ್ನು, ಬರೆದುಕೊಳ್ಳಬೇಕು.

ಹಾಗೆ ಬರೆದುಕೊಂಡವರಿಗೆ ಕಾಣುವುದೇ ಈ ಕೆಲಸದ ನಿಜವಾದ ಫಸಲು. ಮಿಶ್ರಣ ಉರಿಯಲು ಸಮಯ ಬೇಕು. ಪಿಸ್ಟನ್ ಮೇಲ್ತುದಿ ದಾಟಿ ಸುಮಾರು 15 ಡಿಗ್ರಿ ಇಳಿದಾಗ ಒತ್ತಡ ಗರಿಷ್ಠವಾಗುವಂತೆ ಕಿಡಿ ಮುಂಚೆಯೇ ಹಾರಬೇಕು, ವೇಗ ಹೆಚ್ಚಿದಂತೆ ಇನ್ನಷ್ಟು ಮುಂಚೆ. ಅದನ್ನು ನಿರ್ಧರಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ತೂಕ, ಎರಡು ಸ್ಪ್ರಿಂಗ್, ಒಂದು ವ್ಯಾಕ್ಯೂಮ್ ಡಬ್ಬಿ. ಎಂಎಸ್‌ಡಿ 6 ಇವುಗಳನ್ನು ಮುಟ್ಟುವುದೇ ಇಲ್ಲ. ಸ್ಮಾಲ್-ಬ್ಲಾಕ್ ಷೆವ್ರೊಲೆಗೆ ಅನುಭವಿಗಳು ಬಯಸುವುದು ಆರಂಭದಲ್ಲಿ 10ರಿಂದ 12 ಡಿಗ್ರಿ, 3000 ಸುತ್ತಿನ ಹೊತ್ತಿಗೆ ಒಟ್ಟು 34ರಿಂದ 36 ಡಿಗ್ರಿ, ಹಗುರ ಥ್ರಾಟಲ್‌ನಲ್ಲಿ ಅದರ ಮೇಲೆ ವ್ಯಾಕ್ಯೂಮಿನ 10–15 ಡಿಗ್ರಿ. ಕಾರ್ಖಾನೆಯಿಂದ ಬಂದ ಎಷ್ಟೋ ಡಿಸ್ಟ್ರಿಬ್ಯೂಟರುಗಳಲ್ಲಿ ಸ್ಪ್ರಿಂಗ್ ಬಿಗಿಯಾಗಿದ್ದು ಪೂರ್ಣ ಅಡ್ವಾನ್ಸ್ ಬರುವುದು ಬಹಳ ತಡವಾಗಿ. ಹಳತಾದವುಗಳಲ್ಲಿ ತೂಕಗಳು ತುಕ್ಕಿಗೆ ಕಚ್ಚಿಕೊಂಡು ಬರುವುದೇ ಇಲ್ಲ. ತೂಕಗಳನ್ನು ಬಿಡಿಸಿ, ಎಣ್ಣೆ ಹಾಕಿ, ತಕ್ಕ ಸ್ಪ್ರಿಂಗ್ ಕೂರಿಸಿ, ನಾಕಿಂಗ್ ಬರದಷ್ಟಕ್ಕೆ ನಿಲ್ಲಿಸಿದರೆ ಮಧ್ಯಮ ವೇಗದ ಎಳೆತವೂ ಮೈಲೇಜೂ ಸುಧಾರಿಸುತ್ತವೆ. ಪೆಟ್ಟಿಗೆಯ ಬೆಲೆಯ ಸಣ್ಣ ಪಾಲಿನಲ್ಲಿ ಮುಗಿಯುವ ಈ ಕೆಲಸಕ್ಕೆ ಕೈಪಿಡಿಗಳು ಇನ್ನೂ ಎಷ್ಟೋ ಪುಟ ಮೀಸಲಿಡಬೇಕಿತ್ತು.

ಸಾಮಾನ್ಯ ಬಳಕೆಯ ಕಾರಿಗೆ ಇನ್ನೊಂದು ದಾರಿ ಪಾಯಿಂಟ್ ಜಾಗದಲ್ಲೇ ಕೂರುವ ಹಾಲ್ ಸೆನ್ಸರಿನ ಮಾಡ್ಯೂಲ್. ಪರ್ಟ್ರಾನಿಕ್ಸ್‌ನ ಇಗ್ನೈಟರ್ ಇದರಲ್ಲಿ ಹೆಸರಾದದ್ದು. ಕ್ಯಾಮಿನ ಮೇಲೆ ಆಯಸ್ಕಾಂತಗಳ ಉಂಗುರ, ಹೊರಗೆ ಎರಡೇ ತಂತಿ. ಎಂಎಸ್‌ಡಿಯ ತೆಳು ಕೆಂಪು ತಂತಿ ಬರೀ ಸೂಚನೆಯದಾದ್ದರಿಂದ ಕಾಯಿಲ್ಲಿಗೆ ಹೋಗುವ ವೋಲ್ಟೇಜ್ ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರನ್ನು ಹಾಗೆಯೇ ಉಳಿಸಿದರೂ ನಡೆಯುತ್ತದೆ. ಈ ಮಾಡ್ಯೂಲಿಗೆ ಮಾತ್ರ ಬ್ಯಾಲಾಸ್ಟ್ ತಪ್ಪಿಸಿ ಪೂರ್ಣ 12 ವೋಲ್ಟ್ ಕೊಡಬೇಕು, ಎಂಜಿನ್ ನಿಂತಿರುವಾಗ ಕೀಲಿ ಆನ್ ಆಗಿ ಉಳಿಯದಂತೆ ನೋಡಿಕೊಳ್ಳಬೇಕು. ಬೆಂಗಳೂರಿನ ಮೈಕೊ ಪ್ಲಗ್ಗುಗಳ, ಲೂಕಾಸ್ ಟಿವಿಎಸ್ ಡಿಸ್ಟ್ರಿಬ್ಯೂಟರುಗಳ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಜತನವಾಗಿ ಕಾಪಾಡುತ್ತಿರುವವರಿಗೆ ಈ ಬಗೆಯ ಮಾಡ್ಯೂಲೇ ತಕ್ಕದ್ದು. ಆ ನಾಲ್ಕು ಸಿಲಿಂಡರಿನ ನಿಧಾನ ಎಂಜಿನ್ನುಗಳಿಗೆ ಕಿಡಿಯ ಶಕ್ತಿ ಎಂದೂ ಸಾಲದೆ ಬಂದಿರಲಿಲ್ಲ. ಸಾಲದೆ ಬಂದದ್ದು ಪಾಯಿಂಟಿನ ಸ್ಥಿರತೆ.

ಎಂಎಸ್‌ಡಿ ಪೆಟ್ಟಿಗೆಗೆ ಸಲ್ಲಬೇಕಾದ ಸ್ಥಾನ ಇಷ್ಟರಿಂದ ಗೊತ್ತಾಗುತ್ತದೆ. 5000 ಸುತ್ತು ಮೀರಿ ದುಡಿಯುವ ವಿ-8, ಏರಿದ ಕಂಪ್ರೆಷನ್, ಸೂಪರ್‌ಚಾರ್ಜರ್, ರೇಸ್ ಕ್ಯಾಮ್, ಎಣ್ಣೆ ಹಿಡಿಯುವ ಪ್ಲಗ್ಗುಗಳು: ಇವುಗಳಲ್ಲಿ ಒಂದಿದ್ದರೂ ಪೆಟ್ಟಿಗೆ ತನ್ನ ಬೆಲೆಗೆ ಬಾಳುತ್ತದೆ. 6ಎಎಲ್ ಮಾದರಿಯ ವೇಗಮಿತಿ ಅದರ ಅತ್ಯಂತ ಉಪಯುಕ್ತ, ಅತ್ಯಂತ ಕಡಿಮೆ ಹೊಗಳಿಸಿಕೊಂಡ ಗುಣ. ಗೇರ್ ತಪ್ಪಿದ ಒಂದು ಕ್ಷಣದಲ್ಲಿ ಅದು ಇಡೀ ಎಂಜಿನ್ನನ್ನು ಉಳಿಸಬಲ್ಲದು. ಪಾಯಿಂಟನ್ನು ಉಳಿಸಿಕೊಂಡು ಸಂಕೇತಕ್ಕಷ್ಟೇ ಬಳಸಿದರೆ ಅದರ ತುದಿ ಸುಡುವುದಿಲ್ಲ, ಪೆಟ್ಟಿಗೆ ಕೈಕೊಟ್ಟರೆ ಹಳೆಯ ತಂತಿ ಸೇರಿಸಿ ಮನೆ ತಲುಪಬಹುದು. ಮಿಕ್ಕ ಕಾರುಗಳಲ್ಲಿ ಮೊದಲು ಡಿಸ್ಟ್ರಿಬ್ಯೂಟರಿನ ಬುಷ್, ಕ್ಯಾಪ್, ರೋಟರ್, ವೈರ್, ಪ್ಲಗ್. ಎರಡನೆಯದು ಅಡ್ವಾನ್ಸಿನ ಹೊಂದಾಣಿಕೆ. ಮೂರನೆಯದು ಪಾಯಿಂಟಿಗೆ ಬದಲಿ ಮಾಡ್ಯೂಲ್. ಈ ಮೂರೂ ಆದಮೇಲೂ ಮೇಲಿನ ವೇಗದಲ್ಲಿ ಮಿಸ್ಸಿಂಗ್ ಉಳಿದರೆ ಮಾತ್ರ ನಾಲ್ಕನೆಯದಾಗಿ ಕೆಂಪು ಪೆಟ್ಟಿಗೆ.